ನಾಲೆ ಬಯಲಿನ ವರದಿಗಳು ಬೀರುವಿನಿಂದ ಹೊರಬರಲಿ

ಮಾನ್ಯ ಸಂಪಾದಕರೇ,

ಕನ್ನಂಬಾಡಿ ಕಟ್ಟೆಯಿಂದ (ಕೆಆರ್‌ಎಸ್) ಹೊರಡುವ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಜೌಗು ಹಿಡಿದಿರುವ ಗದ್ದೆಗಳ ಬಗ್ಗೆ ಅಧ್ಯಯನ ನಡೆಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಆ ಭಾಗದ ಮಣ್ಣು ಮತ್ತು ಬಸಿನೀರಿನ ಕುರಿತು ದಶಕಗಳ ಹಿಂದೆ ಸಿದ್ಧವಾಗಿದ್ದ ಸಮೀಕ್ಷಾ ವರದಿಯೊಂದನ್ನು ಹುಡುಕಿಕೊಂಡು ಕಳೆದ ವರ್ಷ ಎರಡು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದರು. ಕೆಲವು ದಿನ ನಾನೂ ಜತೆಗಿದ್ದೆ. ಕೊನೆಗೆ ಒಂದು ಕಚೇರಿಯ ಬೀರುವಿನಲ್ಲಿ ಅದು ಸಿಕ್ಕಿತು. ಅಕ್ಷರಗಳು ಓದುವಂತಿದ್ದವು, ಆದರೆ ಕೊನೆಯಲ್ಲಿ ಮಡಚಿಟ್ಟಿದ್ದ ನಕ್ಷೆಗಳಲ್ಲಿ ಎರಡನ್ನು ಗೆದ್ದಲು ತಿಂದಿತ್ತು. ಯಾವ ಬಾವಿಯಲ್ಲಿ ನೀರಿನ ಮಟ್ಟ ಅಳೆದಿದ್ದರು ಎಂಬುದು ನಕ್ಷೆಯಿಲ್ಲದೆ ತಿಳಿಯದಾದ್ದರಿಂದ ಪುಟಗಟ್ಟಲೆ ಅಂಕಿಗಳು ಇದ್ದೂ ಇಲ್ಲದಂತಾದವು. ಸಮೀಕ್ಷೆಯನ್ನು ಹೊಸದಾಗಿ ನಡೆಸಬಹುದು, ಆದರೆ ಅಂದಿನ ನೀರಿನ ಮಟ್ಟವನ್ನು ಇಂದು ಅಳೆಯಲು ಯಾರಿಂದಲೂ ಆಗದು.

ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪು ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತದೆ; ತನ್ನೂರಿನ ತೂಬಿನ ಕೆಳಗಿನ ಜಮೀನು ಏಕೆ ಸವಳಾಯಿತು ಎಂದು ತಿಳಿಯಬಯಸುವ ರೈತನಿಗೆ ಬೇಕಾದ ವರದಿ ಮಾತ್ರ ಸಿಗುವುದಿಲ್ಲ. ಇದಕ್ಕೆ ಕಾನೂನು ಅಡ್ಡಿಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ದಾಖಲೆಗಳಿಗೆ ಸೂಚಿ ಸಿದ್ಧಪಡಿಸಬೇಕು ಹಾಗೂ ಸಂಪನ್ಮೂಲವಿದ್ದಷ್ಟು ಮಟ್ಟಿಗೆ ಅವನ್ನು ಗಣಕೀಕರಿಸಬೇಕು ಎಂದೇ ಹೇಳುತ್ತದೆ. ಇನ್ನು ಸರ್ಕಾರಿ ಪ್ರಕಟಣೆಗಳ ಹಕ್ಕುಸ್ವಾಮ್ಯದ ಅವಧಿ ಪ್ರಕಟವಾದ ನಂತರದ 60 ವರ್ಷ ಮಾತ್ರ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಾಲದಲ್ಲಿ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯ ದಿನಗಳಲ್ಲಿ, ಅಚ್ಚಾದ ವರದಿಗಳಿಗೆ ಆ ಗಡುವು ಎಂದೋ ಮುಗಿದಿದೆ.

ಸ್ಕ್ಯಾನ್ ಮಾಡಿ ಹಾಕಿಬಿಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆ ಹಲವರಲ್ಲಿದೆ. ನನಗೆ ಹಾಗನ್ನಿಸುವುದಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಡಿ ಲಕ್ಷಾಂತರ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಕನ್ನಡದ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಮನಸ್ಸಿಗೆ ಬಂದಂತೆ ದಾಖಲಿಸಿದ್ದರಿಂದ ಇರುವ ಪುಸ್ತಕವೂ ಹುಡುಕಿದರೆ ಕಾಣುತ್ತಿರಲಿಲ್ಲ. ಮುಂದೆ ಆ ಜಾಲತಾಣವೇ ಕಣ್ಮರೆಯಾದಾಗ ಓದುಗರ ಕೈಹಿಡಿದದ್ದು ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ ಉಳಿದಿದ್ದ ಪ್ರತಿಗಳು. ಆದ್ದರಿಂದ ಪ್ರತಿಯೊಂದು ವರದಿಗೂ ಇಲಾಖೆ, ವರ್ಷ, ತಾಲ್ಲೂಕು, ನಾಲೆ, ವಿಷಯ ಇವುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಮೂದಿಸಬೇಕು, ಬದಲಾಗದ ಜಾಲ ವಿಳಾಸವೊಂದನ್ನು ನೀಡಬೇಕು, ಒಂದಕ್ಕಿಂತ ಹೆಚ್ಚು ಕಡೆ ಪ್ರತಿ ಇಡಬೇಕು. ನಕ್ಷೆಗಳನ್ನು ಅಳತೆಪಟ್ಟಿ ಸಮೇತ ದೊಡ್ಡ ಗಾತ್ರದಲ್ಲೇ ಸ್ಕ್ಯಾನ್ ಮಾಡಬೇಕು. ಮಡಿಕೆ ಬಿಚ್ಚದೆಯೇ ಸ್ಕ್ಯಾನ್ ಮಾಡಿದ ನಕ್ಷೆಗಳನ್ನು ನಾನು ಕಂಡಿದ್ದೇನೆ! ಎಲ್ಲ ಗಣಕಗಳಿಗೂ ಒಂದೇ ಅಕ್ಷರ ಸಂಕೇತ ಒದಗಿಸುವ ಯೂನಿಕೋಡ್ ಬರುವ ಮುನ್ನ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳನ್ನು ಪರಿವರ್ತಿಸದಿದ್ದರೆ ಅವುಗಳೊಳಗೆ ಒಂದು ಪದವನ್ನೂ ಹುಡುಕಲಾಗದು.

ಮಾದರಿಗಾಗಿ ದೂರ ಹೋಗಬೇಕಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ತನ್ನ ಸಂಶೋಧನಾ ಬರಹಗಳ ಡಿಜಿಟಲ್ ಭಂಡಾರವನ್ನು ನಡೆಸುತ್ತಿದೆ. ಇಂಥ ಭಂಡಾರ ಕಟ್ಟಲು ನೆರವಾಗುವ ಡಿಸ್ಪೇಸ್ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಮಂಡ್ಯ, ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಪಾಲಕರು ಮತ್ತು ಅಂತಿಮ ವರ್ಷದ ವಿದ್ಯಾರ್ಥಿಗಳು ಕೈಜೋಡಿಸಿದರೆ ಖರ್ಚು ಬಹುಮಟ್ಟಿಗೆ ಸ್ಕ್ಯಾನರ್‌ ಹಾಗೂ ಸರ್ವರ್‌ಗೆ ಸೀಮಿತವಾಗುತ್ತದೆ. ಅಣೆಕಟ್ಟೆಯ ಭದ್ರತೆಗೆ ಸಂಬಂಧಿಸಿದ ರೇಖಾಚಿತ್ರಗಳನ್ನು ತಡೆಹಿಡಿಯುವುದು ಸರಿಯೇ. ಆ ನೆಪದಲ್ಲಿ ಮಣ್ಣು, ಅಂತರ್ಜಲ, ಬಸಿಗಾಲುವೆಗಳ ವರದಿಗಳನ್ನೂ ಮುಚ್ಚಿಡುವುದು ಸಲ್ಲದು.

ಎಲ್ಲವೂ ಒಮ್ಮೆಗೇ ಆಗಲಿ ಎಂದು ನಾನು ಕೇಳುತ್ತಿಲ್ಲ. ನೀರಾವರಿ, ಕೃಷಿ ಮತ್ತು ಲೋಕೋಪಯೋಗಿ ಇಲಾಖೆಗಳು ತಮ್ಮ ವಿಭಾಗೀಯ ಕಚೇರಿಗಳಲ್ಲಿ ಯಾವ ಯಾವ ವರದಿಗಳಿವೆ, ಯಾವ ಬೀರುವಿನಲ್ಲಿವೆ, ಯಾವುದರ ನಕ್ಷೆಗಳು ಕಾಣೆಯಾಗಿವೆ ಎಂಬ ಪಟ್ಟಿಯನ್ನು ಮುಂದಿನ ಮಳೆಗಾಲದೊಳಗೆ ಜಿಲ್ಲಾಡಳಿತದ ಜಾಲತಾಣದಲ್ಲಿ ಪ್ರಕಟಿಸಲಿ. ಆ ಪಟ್ಟಿ ನೋಡಿ ಯಾವುದನ್ನು ಮೊದಲು ಸ್ಕ್ಯಾನ್ ಮಾಡಬೇಕೆಂದು ರೈತರು, ಅಧ್ಯಾಪಕರು ಹೇಳಬಲ್ಲರು.

— ನಿವೃತ್ತ ಸಿವಿಲ್ ಎಂಜಿನಿಯರಿಂಗ್ ಅಧ್ಯಾಪಕ, ಮಂಡ್ಯ