ಶುಗರ್ ಇದ್ದವರು ಕಣ್ಣಿನ ಪರದೆಯನ್ನೂ ತೋರಿಸಿ

ಮಾನ್ಯರೇ,

ನಮ್ಮಪ್ಪನಿಗೆ ಶುಗರ್ ಬಂದು 12 ವರ್ಷ. ಮಾತ್ರೆ ತಪ್ಪಿಸಿದವರಲ್ಲ. ಕಣ್ಣು ಮಂಜಾದಾಗ ವಯಸ್ಸಾಯ್ತಲ್ಲ, ಪೊರೆ ಇರಬೇಕು ಅಂದುಕೊಂಡು, ಕನ್ನಡಕದ ಅಂಗಡಿಯಲ್ಲಿ ನಂಬರ್ ಬದಲಾಯಿಸಿ ಒಂದು ವರ್ಷ ಸುಮ್ನೆ ಕಳೆದೆವು. ಆಮೇಲೆ ಡ್ರಾಪ್ಸ್ ಹಾಕಿ ನೋಡಿದ ಡಾಕ್ಟರು, ಶುಗರ್‌ನಿಂದ ಕಣ್ಣಿನ ಹಿಂದಿನ ಪರದೆಯಲ್ಲಿ (ರೆಟಿನಾ) ಸಣ್ಣ ರಕ್ತನಾಳಗಳು ಸೋರುತ್ತಿವೆ ಅಂದರು. ಲೇಸರ್ ಆಯಿತು, ಇಂಜೆಕ್ಷನ್ ನಡೆಯುತ್ತಿದೆ. ಇದ್ದ ದೃಷ್ಟಿ ಉಳಿದಿದೆ, ಹೋದದ್ದು ಪೂರ್ತಿ ಬರಲಿಲ್ಲ.

ಶುರುವಿನಲ್ಲಿ ಇದಕ್ಕೆ ನೋವೂ ಇಲ್ಲ, ಮಂಜೂ ಇಲ್ಲ. ಅದಕ್ಕೇ ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿ. ಟೈಪ್ 2 (ಹೆಚ್ಚಾಗಿ ದೊಡ್ಡವರಿಗೆ ಬರುವ ಬಗೆ) ಆದರೆ ಶುಗರ್ ಗೊತ್ತಾದ ಕೂಡಲೇ ಮೊದಲ ಪರೀಕ್ಷೆ ಆಗಬೇಕು. ಬಿಪಿಯೂ ಹಿಡಿತದಲ್ಲಿರಲಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಬೈಕ್ ಓಡಿಸಬೇಡಿ, ಮನೆಯವರು ಯಾರಾದರೂ ಜೊತೆಗಿರಲಿ.

ಹಳ್ಳಿ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ನೋಡಿ ಮಾತ್ರೆ ಕೊಡುತ್ತಾರೆ ಅಲ್ವಾ, ಅಲ್ಲಿಗೇ ರೆಟಿನಾ ಫೋಟೊ ತೆಗೆಯುವ ಕ್ಯಾಮೆರಾ ತಿಂಗಳಿಗೊಂದು ದಿನವಾದರೂ ಬರಲಿ. ಕೂಲಿ ಬಿಟ್ಟು, ಬಸ್ ಹಿಡಿದು ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿಗೋ ಹೋಗುವುದು ಎಲ್ಲರ ಕೈಲೂ ಆಗುವುದಿಲ್ಲ.

– ಓದುಗ, ಮದ್ದೂರು ತಾಲ್ಲೂಕು