ಮಲ ಪರೀಕ್ಷೆ ನಾರ್ಮಲ್ ಬಂದರೂ ಭೇದಿ ನಿಲ್ಲದಿದ್ದರೆ

ಸಂಪಾದಕರಿಗೆ,

ನಾನು ಲ್ಯಾಬ್‌ನಲ್ಲಿ ಮಲ ಪರೀಕ್ಷೆ ಮಾಡುವ ಟೆಕ್ನಿಷಿಯನ್. ವಾರಗಟ್ಟಲೆ ಭೇದಿಯಾಗಿ ಸೊರಗಿದವರು ‘ರಿಪೋರ್ಟ್‌ನಲ್ಲಿ ಏನೂ ಇಲ್ಲ’ ಅನ್ನಿಸಿಕೊಂಡು ವಾಪಸ್ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಎಚ್‌ಐವಿ ಇರುವವರು, ಕಿಮೋ ತೆಗೆದುಕೊಳ್ಳುತ್ತಿರುವವರು, ಕಿಡ್ನಿ ಕಸಿ ಆದವರು, ಅಂದರೆ ರೋಗನಿರೋಧಕ ಶಕ್ತಿ ಕುಗ್ಗಿದವರು ಇವರು. ಎಷ್ಟೋ ಸಲ ಅವರ ಸ್ಯಾಂಪಲ್‌ನಲ್ಲಿ ಹುಡುಕಬೇಕಾದ್ದನ್ನು ಯಾರೂ ಹುಡುಕಿರುವುದೇ ಇಲ್ಲ.

ಮಾಮೂಲಿ ಪರೀಕ್ಷೆಯಲ್ಲಿ ಜಂತುಹುಳುವಿನ ಮೊಟ್ಟೆ, ಅಮೀಬಾ, ಜಿಯಾರ್ಡಿಯಾ ಸಿಗುತ್ತವೆ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ (ಕ್ರಿಪ್ಟೋ) ಎಂಬ ಸೂಕ್ಷ್ಮ ಪರಾವಲಂಬಿ ಹಾಗಲ್ಲ. ಮಲದಲ್ಲಿ ಹೊರಬರುವ ಅದರ ಊಸಿಸ್ಟ್ (ಗಟ್ಟಿ ಕವಚದ ಕಣ) ಬರೀ 4ರಿಂದ 6 ಮೈಕ್ರಾನ್, ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದು. ಬಣ್ಣ ಹಾಕದ ಸ್ಲೈಡ್‌ನಲ್ಲಿ ಯೀಸ್ಟ್ ಥರವೇ ಕಾಣುವುದರಿಂದ ಕಣ್ತಪ್ಪಿಹೋಗುತ್ತದೆ. ಟಿಬಿ ಕಫಕ್ಕೆ ಹಾಕುವ ಆ್ಯಸಿಡ್ ಫಾಸ್ಟ್ ಬಣ್ಣವನ್ನೇ ಸ್ವಲ್ಪ ಬದಲಿಸಿ ಹಾಕಿದರೆ, ನೀಲಿ ಹಿನ್ನೆಲೆಯಲ್ಲಿ ಗುಲಾಬಿ-ಕೆಂಪು ದುಂಡು ಕಣಗಳು ಎದ್ದು ಕಾಣುತ್ತವೆ. ಯೀಸ್ಟ್ ನೀಲಿಯಾಗಿಯೇ ಉಳಿಯುತ್ತದೆ. ಸಿಸ್ಟೊಐಸೊಸ್ಪೊರಾ ಎಂಬ ಇನ್ನೊಂದು ಪರಾವಲಂಬಿ ಇದ್ದರೆ ಅದೂ ಇದೇ ಬಣ್ಣದಲ್ಲಿ ಸಿಗುತ್ತದೆ, ಆದರೆ ದೊಡ್ಡದು, ಮೊಟ್ಟೆಯಾಕಾರದ್ದು. ಭೇದಿ ತರುವ ಮತ್ತೊಂದು ಸೂಕ್ಷ್ಮಜೀವಿ ಮೈಕ್ರೊಸ್ಪೊರಿಡಿಯಾಕ್ಕೆ ಮಾತ್ರ ಬೇರೆ ಬಣ್ಣ ಬೇಕು.

ಯಾವುದು ಅಂತ ಗೊತ್ತಾಗಲೇಬೇಕು, ಯಾಕೆಂದರೆ ಚಿಕಿತ್ಸೆಯೇ ಬೇರೆ ಬೇರೆ. ಸಿಸ್ಟೊಐಸೊಸ್ಪೊರಾಕ್ಕೆ ಹಳೆಯ ಕೋಟ್ರೈಮಾಕ್ಸಜೋಲ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ರಿಪ್ಟೋಗೆ ಅಮೀಬಾಕ್ಕೆ ಕೊಡುವ ಮೆಟ್ರೊನಿಡಜೋಲ್ ನುಂಗಿಸಿ ಕಾಯುವುದು ಸುಮ್ನೆ ದಿನ ಕಳೆದ ಹಾಗೆ. ಗಟ್ಟಿಮುಟ್ಟಾಗಿರುವವರಿಗೆ ಕ್ರಿಪ್ಟೋ ಭೇದಿ ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಗುತ್ತದೆ. ಸಿಡಿ4 (ಎಚ್‌ಐವಿ ನಾಶ ಮಾಡುವ ರೋಗನಿರೋಧಕ ಬಿಳಿ ರಕ್ತಕಣ) ಎಣಿಕೆ 100ಕ್ಕಿಂತ ಕೆಳಗಿಳಿದವರಲ್ಲಿ ಕ್ರಿಪ್ಟೋಗೆ ಕೊಡುವ ನಿಟಜೊಕ್ಸನೈಡ್ ಔಷಧಿ ಕೂಡ ಅಷ್ಟಾಗಿ ನಾಟುವುದಿಲ್ಲ. ಎಆರ್‌ಟಿಯಿಂದ (ಎಚ್‌ಐವಿ ಚಿಕಿತ್ಸೆಯಿಂದ) ಸಿಡಿ4 ಏರಿದರೆ ಮಾತ್ರ ಭೇದಿ ಹತೋಟಿಗೆ ಬರುತ್ತದೆ.

ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸುವುದು ಸ್ಟ್ರಾಂಗೈಲಾಯ್ಡಿಸ್ ಹುಳು. ಬರಿಗಾಲಿನ ಚರ್ಮದಿಂದ ಒಳಹೊಕ್ಕು ದಶಕಗಟ್ಟಲೆ ಸದ್ದಿಲ್ಲದೆ ಕರುಳಿನಲ್ಲಿರುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟಿರಾಯ್ಡ್ ಔಷಧಿ ಶುರುವಾದ ಮೇಲೆ ವಿಪರೀತ ಹೆಚ್ಚಿಕೊಂಡು ಶ್ವಾಸಕೋಶ, ಮಿದುಳಿಗೂ ಹಬ್ಬಿ ಜೀವ ತೆಗೆಯಬಹುದು. ಹೆಚ್ಚು ಡೋಸ್ ಸ್ಟಿರಾಯ್ಡ್ ಕೊಡುವ ಮುಂಚೆ, ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿದವರಿಗೆ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಸಾಕು, ಹುಳು ಕೊಲ್ಲುವ ಐವರ್‌ಮೆಕ್ಟಿನ್‌ನಿಂದ ಮೊದಲೇ ತಡೆಯಬಹುದಲ್ವಾ?

ನೀರಿನ ಬಗ್ಗೆಯೂ ಒಂದು ಮಾತು. ಕ್ಲೋರಿನ್ ಹಾಕಿದ ನೀರಲ್ಲೂ ಕ್ರಿಪ್ಟೋ ಬದುಕುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ರೋಗನಿರೋಧಕ ಶಕ್ತಿ ಕುಗ್ಗಿದವರು ನೀರನ್ನು ಒಂದು ನಿಮಿಷ ಮರಳಿಸಿಯೇ ಕುಡಿಯಬೇಕು.

ವೈದ್ಯರಲ್ಲಿ ನನ್ನ ವಿನಂತಿ: ಲ್ಯಾಬ್ ಚೀಟಿಯಲ್ಲಿ ಬರೀ ‘ಮಲ ಪರೀಕ್ಷೆ’ ಎಂದು ಬರೆಯಬೇಡಿ. ರೋಗಿಯ ರೋಗನಿರೋಧಕ ಶಕ್ತಿ ಕಡಿಮೆ ಇದೆ, ಕ್ರಿಪ್ಟೋ ನೋಡಿ ಎಂದು ಸೇರಿಸಿ. ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕಳಿಸಿ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗಬಹುದು. ಚೀಟಿಯಲ್ಲಿ ಅದು ಇಲ್ಲದಿದ್ದರೆ ರೋಗಿಯ ಮನೆಯವರೂ ಕೇಳಬಹುದು, ಸಂಕೋಚ ಬೇಡ.

– ಒಬ್ಬ ಲ್ಯಾಬ್ ಟೆಕ್ನಿಷಿಯನ್