ಮಂಗನ ಕಾಯಿಲೆ ಅಲ್ಲವೆಂದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ಕಾಡಿನಿಂದ ದರಕು (ಉದುರಿದ ಒಣ ಎಲೆ) ಹೊತ್ತು ತರುವ ದಿನಗಳು ಬಂದೊಡನೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಎಚ್ಚರಿಕೆಗಳು ಶುರುವಾಗುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆಯ ಭೀತಿ ಎಂಥದೆಂದು, 2019ರಲ್ಲಿ ಅರಳಗೋಡಿನ ಸಾವುಗಳನ್ನು ಕಂಡ ಸಾಗರ ಸೀಮೆಯವರಿಗೆ ಹೇಳಬೇಕಿಲ್ಲ. ಆದರೆ ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳುವಿನಿಂದ, ಬರುವ ಜ್ವರ ಅದೊಂದೇ ಅಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಅತ್ತಿಗೆಗೆ ವಿಪರೀತ ಜ್ವರ, ತಲೆನೋವು ಬಂದಾಗ, ಮಂಗನ ಕಾಯಿಲೆಯ ಪರೀಕ್ಷೆ ನೆಗೆಟಿವ್ ಎಂದು ಆಸ್ಪತ್ರೆಯೊಂದರಲ್ಲಿ ಜ್ವರದ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಎರಡು ದಿನ ಕಳೆಯುವಷ್ಟರಲ್ಲಿ ಅಂಗೈ, ಅಂಗಾಲುಗಳಲ್ಲಿ ಕೆಂಪು ಕಲೆಗಳೆದ್ದವು. ಅದನ್ನು ನೋಡಿದ ಇನ್ನೊಬ್ಬ ವೈದ್ಯರು ಮೊದಲು ಕೇಳಿದ್ದು, ಮನೆಯಲ್ಲಿ ನಾಯಿ ಇದೆಯೇ ಎಂದು. ಜಗುಲಿಯಲ್ಲಿ ಮಲಗುವ ನಾಯಿಯ ಕಿವಿಯಿಂದ ಉಣ್ಣೆ ಕಿತ್ತು ಉಗುರಿನಲ್ಲಿ ಹೊಸಕುವುದು ಅತ್ತಿಗೆಯ ದಿನನಿತ್ಯದ ಕೆಲಸವಾಗಿತ್ತು. ಅದು ಉಣ್ಣೆಯ ಟೈಫಸ್ ಜ್ವರ. ಡಾಕ್ಸಿಸೈಕ್ಲಿನ್ ಕೊಟ್ಟ ಮೇಲೆ ಎರಡೇ ದಿನದಲ್ಲಿ ಜ್ವರ ಇಳಿಯಿತು.

ಮಂಗನ ಕಾಯಿಲೆ ವೈರಸ್ಸಿನದು; ಮುಖ್ಯವಾಗಿ ಹೀಮಾಫೈಸಾಲಿಸ್ ಎಂಬ ಕಾಡಿನ ಉಣುಗಿನ ಮರಿಗಳು, ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅದನ್ನು ಮನುಷ್ಯರಿಗೆ ಅಂಟಿಸುತ್ತವೆ. ಅದಕ್ಕೆಂದೇ ಇರುವ ಔಷಧ ಇಲ್ಲ, ಆರೈಕೆಯೇ ಚಿಕಿತ್ಸೆ. ನಾಯಿಯ ಕಂದು ಉಣ್ಣೆ ತರುವ ಟೈಫಸ್ ಜ್ವರ ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಕಚ್ಚಿದಾಗ ಮಾತ್ರವಲ್ಲ, ಹೊಸಕಿದ ಉಣ್ಣೆಯ ರಸ ಗೀರುಗಾಯಕ್ಕೆ ತಾಗಿದರೂ ಬರಬಹುದು. ಅದಕ್ಕೆ ಅಗ್ಗದ ಮಾತ್ರೆಯಿದೆ, ತಡಮಾಡಿದರೆ ಮಾತ್ರ ಜೀವಕ್ಕೆ ಅಪಾಯ. ಗುಜರಾತಿನಲ್ಲಿ 2011ರಲ್ಲಿ ಕಾಣಿಸಿಕೊಂಡ ಕ್ರಿಮಿಯನ್ ಕಾಂಗೋ ಜ್ವರವನ್ನು ಹರಡುವುದು ಹಯಲೋಮಾ ಎಂಬ ಮತ್ತೊಂದು ಜಾತಿಯ ಉಣ್ಣೆ. ಇಲ್ಲಿ ಅದೇ ಸಾಲಿಗೆ ಸೇರಿಸಿ ಹೇಳುವ ಸ್ಕ್ರಬ್ ಟೈಫಸ್ ಮಾತ್ರ ಉಣ್ಣೆಯದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳದು. ಔಷಧ ಮಾತ್ರ ಅದೇ ಡಾಕ್ಸಿಸೈಕ್ಲಿನ್.

ಆದ್ದರಿಂದ, ಮಂಗನ ಕಾಯಿಲೆಯ ವರದಿ ನೆಗೆಟಿವ್ ಬಂದ ರೋಗಿಯನ್ನು ಮನೆಗೆ ಕಳಿಸುವ ಮೊದಲು ಮೈಮೇಲಿನ ಕಲೆಗಳನ್ನು ನೋಡಿ, ನಾಯಿ, ದನಗಳ ಒಡನಾಟವನ್ನು ವಿಚಾರಿಸಿ, ಅನುಮಾನವಿದ್ದರೆ ಟೈಫಸ್ ಔಷಧವನ್ನು ಕೂಡಲೇ ಆರಂಭಿಸುವಂತೆ ಆರೋಗ್ಯ ಇಲಾಖೆಯು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೂಚನೆ ನೀಡಬೇಕು. ಕಾಡಿನ ದಾರಿಯಲ್ಲಿ ಹಾಕುವ ಎಚ್ಚರಿಕೆ ಫಲಕದಲ್ಲಿ, ಉಣ್ಣೆಯನ್ನು ಬೆರಳಿನಿಂದ ಹೊಸಕದೆ ಚಿಮಟದಿಂದ ಚರ್ಮದ ಮಟ್ಟದಲ್ಲೇ ಹಿಡಿದು ನೇರವಾಗಿ ಎಳೆಯಬೇಕೆಂಬ ಒಂದು ಸಾಲನ್ನೂ ಸೇರಿಸಬೇಕೆಂದು ವಿನಂತಿ.

– ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು